ನೇತ್ರಾಣಿಯ ನೀರೊಳಗೆ

ನೇತ್ರಾಣಿಯಲ್ಲಿ ಸ್ಕೂಬಾ ಮಾಡಬೇಕೆಂದರೆ 18 ತುಂಬದವರ ಫಾರಂಗೆ ಮನೆಯವರ ಸಹಿ ಬೇಕು. ಅಬ್ಬಾ ದುಬೈಯಲ್ಲಿದ್ದಾರೆ. ಹಾಗಾಗಿ ಫಾರಂ ಅಮ್ಮಿಯ ಮುಂದೆ ಹೋಯಿತು, ಮೂರು ವಾರ ಫ್ರಿಜ್ ಮೇಲೆ ಹಾಗೆಯೇ ಬಿದ್ದಿತ್ತು.

ಕಾರಣ ನನಗೆ ಗೊತ್ತಿತ್ತು. ಅಮ್ಮಿಯ ತಮ್ಮ, ನಾನು ನೋಡಿಯೇ ಇಲ್ಲದ ಛೋಟೆ ಮಾಮು, ನನ್ನ ವಯಸ್ಸಿನಲ್ಲೇ ಗೆಳೆಯರ ಜೊತೆ ಸಮುದ್ರಕ್ಕಿಳಿದು ತೀರಿಕೊಂಡರು. ಅಮ್ಮಿ ಇವತ್ತಿಗೂ ಬೀಚಿಗೆ ಬಂದರೆ ನೀರಿಗೆ ಬೆನ್ನು ಹಾಕಿ ಕೂರುತ್ತಾರೆ. ಈಜು ಬಾರದವರನ್ನೂ ಕರೆದೊಯ್ಯುತ್ತಾರೆ, ಟ್ರೈನರ್ ಕೊನೆವರೆಗೂ ಹಿಡಿದೇ ಇರುತ್ತಾರೆ ಎಂದು ಬಡೇ ಅಬ್ಬಾನ ಮಗ ವಿವರಿಸಿದ ಮೇಲೆ ಒಂದು ರಾತ್ರಿ ಉರ್ದುವಿನಲ್ಲಿ ಸಹಿ ಹಾಕಿದರು. "ಜಾ, ಮಗರ್ ಹಾಥ್ ನಕ್ಕೋ ಛೋಡ್" ಎಂದರು. ದುಡ್ಡು ನನ್ನದೇ, ರಂಜಾನ್ ಸೀಸನ್ನಿನಲ್ಲಿ ಬಟ್ಟೆ ಅಂಗಡಿಯಲ್ಲಿ ನಿಂತು ದುಡಿದದ್ದು.

ಮುರ್ಡೇಶ್ವರದಿಂದ ದೋಣಿಯಲ್ಲಿ ಒಂದೂವರೆ ಗಂಟೆ. ದಾರಿಯಲ್ಲಿ ಎರಡು ಸಲ ವಾಂತಿ (ಇದನ್ನು ಬರೆಯಬೇಡ ಎಂದು ಗೆಳೆಯ ಹೇಳಿದ್ದ). ದ್ವೀಪ ಹತ್ತಿರವಾದಾಗ ಕಂಡದ್ದು ಕಡಿದಾದ ಬಂಡೆ, ಮೇಲೆ ಕಾಡು. ಜನವಸತಿ ಇಲ್ಲ. ನೌಕಾಪಡೆಯವರು ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪ ಇದು.

ಬಿಸ್ಮಿಲ್ಲಾ ಎಂದು ಇಳಿದೆ. ಮೊದಲು ಕಿವಿ ನೋವು. ಮೂಗು ಹಿಡಿದು ಒಳಗಿಂದ ಗಾಳಿ ಒತ್ತಿದರೆ ಕಿವಿ ಬಿಡುತ್ತದೆ, ಮತ್ತೆ ಸ್ವಲ್ಪ ಕೆಳಗೆ. ನನ್ನ ವಾಚಿನ ಕೆಂಪು ಪಟ್ಟಿ ಮಂಕಾಗಿ ಕಂದಾಯಿತು. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನೇ. ಆಮೇಲೆ ಹವಳದ ಬಂಡೆ ಬಂತು. ಹಳದಿ ಚಿಟ್ಟೆಮೀನುಗಳು ಜೋಡಿ ಜೋಡಿಯಾಗಿ ತಿರುಗುತ್ತಿದ್ದವು. ಗಿಳಿಮೀನು ಬಂಡೆ ಕಚ್ಚುವ ಕಟ್ ಕಟ್ ಸದ್ದು ನೀರೊಳಗೂ ಕೇಳಿಸಿತು. ಅದು ಹವಳದ ಬಂಡೆಯನ್ನು ಕೆರೆದು ಪಾಚಿ ತಿಂದು, ಪುಡಿಯಾದ ಕಲ್ಲನ್ನು ಮರಳಾಗಿ ಹೊರಹಾಕುತ್ತದೆ. ಬಿರುಕಿನಲ್ಲಿ ಒಂದು ಮೊರೆ ಹಾವುಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ಬೆದರಿಸುತ್ತಿದೆ ಎಂದುಕೊಂಡೆ, ಅದು ಉಸಿರಾಡುವುದೇ ಹಾಗಂತೆ. ದೊಡ್ಡ ಗೊಬ್ರವೊಂದು ಕದಲದೆ ನಮ್ಮನ್ನೇ ನೋಡಿತು. ಮಾರ್ಕೆಟಿನ ಐಸಿನ ಮೇಲೆ ಬಿಟ್ಟರೆ ಅದನ್ನು ನಾನು ಎಲ್ಲೂ ನೋಡಿರಲಿಲ್ಲ.

ಖುಷಿಗೆ ಹೆಬ್ಬೆರಳು ಎತ್ತಿ ತೋರಿಸಿದೆ. ಟ್ರೈನರ್ ತಕ್ಷಣ ನನ್ನನ್ನು ಮೇಲಕ್ಕೆ ಒಯ್ಯತೊಡಗಿದರು. ನೀರೊಳಗೆ ಅದರ ಅರ್ಥ 'ಮೇಲೆ ಹೋಗೋಣ' ಎಂದು ಬೆಳಿಗ್ಗೆಯೇ ಹೇಳಿಕೊಟ್ಟಿದ್ದರು! ತಲೆ ಅಲ್ಲಾಡಿಸಿ, ಬೆರಳಿನಿಂದ ಸೊನ್ನೆ ಮಾಡಿ ತೋರಿಸಿದ ಮೇಲೆ ನಕ್ಕು ಮತ್ತೆ ಇಳಿಸಿದರು.

ಮಗ್ರಿಬ್ ಹೊತ್ತಿಗೆ ಮನೆ ಸೇರಿದೆ. ಅಮ್ಮಿ ಜಾನಮಾಜ್ ಮೇಲೆ ಇದ್ದರು. ಊಟಕ್ಕೆ ಕೂತಾಗ ಮೀನುಗಳ ಬಗ್ಗೆ ಒಂದೇ ಸಮನೆ ಹೇಳುತ್ತಾ ಹೋದೆ. ಎಲ್ಲಾ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ:

"ನೀಚೆ ಅಂಧೇರಾ ಥಾ ಕ್ಯಾ?"

ಇಲ್ಲ ಅಮ್ಮಿ, ಕತ್ತಲಿರಲಿಲ್ಲ, ನೀಲಿ ಬೆಳಕಿತ್ತು, ಮೇಲೆ ಸೂರ್ಯ ಕಾಣುತ್ತಿದ್ದ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು.