ಆ ಅನುಮಾನ ಸುಳ್ಳಲ್ಲ, ಪುಟ್ಟಿ

ಪ್ರೀತಿಯ ಪುಟ್ಟಿ,

‘ಗೇಮ್ ಆಫ್ ಥ್ರೋನ್ಸ್’ನ ಏಳನೇ ಸೀಸನ್ ನೋಡಿ ಮುಗಿಸಿದ ಸಿಟ್ಟಿನಲ್ಲೇ ನೀನು ಬರೆದ ಕಾಗದ ಓದಿದೆ. ಸಾನ್ಸಾ ಮತ್ತು ಆರ್ಯಾ ಒಬ್ಬರನ್ನೊಬ್ಬರು ಅನುಮಾನಿಸುವ ಭಾಗವನ್ನು ನೀನು ನಂಬುವುದಿಲ್ಲ. ಅಪ್ಪ, ಅಮ್ಮ, ಅಣ್ಣ ಎಲ್ಲರನ್ನೂ ಕಳೆದುಕೊಂಡ ಅಕ್ಕತಂಗಿಯರು ಇಷ್ಟು ವರ್ಷದ ಮೇಲೆ ಸಿಕ್ಕರೆ ತಬ್ಬಿಕೊಂಡು ಅಳುತ್ತಾರೆ, ಹಳೇ ಚೀಟಿ ಹಿಡಿದುಕೊಂಡು ಜಗಳಕ್ಕೆ ನಿಲ್ಲುವುದಿಲ್ಲ ಎನ್ನುತ್ತೀಯ. ನನಗೆ ಆ ಅನುಮಾನ ಪೂರ್ತಿ ನಿಜ ಅನ್ನಿಸಿತು. ಅದನ್ನು ಹೇಳಿದ ರೀತಿಯ ಬಗ್ಗೆ ಮಾತ್ರ ನನ್ನ ತಕರಾರು. ಎರಡನ್ನೂ ಬಿಡಿಸಿ ಹೇಳುತ್ತೇನೆ, ಕೇಳು.

ಇವರಿಬ್ಬರ ನಡುವೆ ಬಿರುಕು ಬಿಟ್ಟದ್ದು 2011ರ ಮೊದಲ ಸೀಸನ್ನಿನ ಎರಡನೇ ಕಂತಿನಲ್ಲೇ. ಟ್ರೈಡೆಂಟ್ ನದಿಯ ದಂಡೆ ನೆನಪಿದೆಯಲ್ಲ? ಆರ್ಯಾ ಕಟುಕರ ಹುಡುಗನ ಜೊತೆ ಕೋಲು ಹಿಡಿದು ಕತ್ತಿವರಸೆ ಆಡುತ್ತಿರುವಾಗ ರಾಜಕುಮಾರ ಜೋಫ್ರಿ ನಿಜವಾದ ಕತ್ತಿ ಹಿರಿದು ಆ ಹುಡುಗನ ಕೆನ್ನೆ ಗೀರುತ್ತಾನೆ. ಆರ್ಯಾಳ ತೋಳ ರಾಜಕುಮಾರನ ಕೈ ಕಚ್ಚುತ್ತದೆ. ರಾಜನ ಮುಂದೆ ವಿಚಾರಣೆಯಾದಾಗ, ಎಲ್ಲವನ್ನೂ ಕಣ್ಣಾರೆ ಕಂಡಿದ್ದ ಸಾನ್ಸಾ ತನಗೇನೂ ನೆನಪಿಲ್ಲ ಎಂದುಬಿಡುತ್ತಾಳೆ. ಆರ್ಯಾ ಅಲ್ಲೇ, ಅಷ್ಟು ಜನರ ಎದುರಿಗೇ, ಅಕ್ಕನ ಕೂದಲಿಗೆ ಕೈ ಹಾಕುತ್ತಾಳೆ. ಕಟುಕರ ಹುಡುಗನನ್ನು ಕೊಂದು ಹಾಕುತ್ತಾರೆ. ಯಾರಿಗೂ ಏನೂ ಮಾಡದ ಸಾನ್ಸಾಳ ತೋಳವನ್ನು ಅವಳ ಅಪ್ಪನೇ ಕೊಲ್ಲಬೇಕಾಗುತ್ತದೆ. ತಂಗಿಯ ಲೆಕ್ಕದಲ್ಲಿ ಅಕ್ಕನ ಸುಳ್ಳಿಗೆ ಗೆಳೆಯ ಬಲಿಯಾದ. ಅಕ್ಕನ ಲೆಕ್ಕದಲ್ಲಿ ತಂಗಿಯ ಹಟಕ್ಕೆ ತೋಳ ಬಲಿಯಾಯಿತು. ಅಪ್ಪ ಆಮೇಲೆ ಆರ್ಯಾಳನ್ನು ಕೂರಿಸಿಕೊಂಡು ಸಮಾಧಾನ ಹೇಳಿದ ನಿಜ. ಆದರೆ ಅಕ್ಕತಂಗಿಯರಿಬ್ಬರೂ ಎದುರುಬದುರು ಕೂತು ಆ ಮಾತನ್ನು ಮುಗಿಸಲೇ ಇಲ್ಲ.

ಅದಾದ ಮೇಲೆ ಬರುವುದು ಅಪ್ಪನ ತಲೆ ಕಡಿಯುವ ದಿನ. ಅವತ್ತು ಇಬ್ಬರೂ ಆ ಚೌಕದಲ್ಲಿದ್ದರು ಎನ್ನುವುದನ್ನು ಬಹಳ ಜನ ಮರೆತುಬಿಡುತ್ತಾರೆ, ಪುಟ್ಟಿ. ಸಾನ್ಸಾ ಮೇಲೆ, ರಾಜಮನೆತನದವರ ಪಕ್ಕದಲ್ಲಿ. ಆರ್ಯಾ ಕೆಳಗೆ, ಬೇಲರ್‌ನ ಪ್ರತಿಮೆಯ ಪೀಠ ಹತ್ತಿ ಕೂತವಳು. ಸಾನ್ಸಾ ಅಪ್ಪನ ಜೀವ ಉಳಿಸಿ ಎಂದು ತುಂಬಿದ ಸಭೆಯಲ್ಲಿ ಬೇಡಿಕೊಂಡಿದ್ದಳು, ಉಳಿಸುತ್ತಾರೆಂದು ನಂಬಿಕೊಂಡೇ ಅಲ್ಲಿ ನಿಂತಿದ್ದಳು. ಕೆಳಗಿದ್ದ ತಂಗಿಗೆ ಅದು ಹೇಗೆ ಗೊತ್ತಾಗಬೇಕು? ಅವಳ ಕಣ್ಣಿಗೆ ಬಿದ್ದದ್ದು ಚೆನ್ನಾಗಿ ಅಲಂಕರಿಸಿಕೊಂಡು ಶತ್ರುಗಳ ನಡುವೆ ನಿಂತ ಅಕ್ಕ. ಕತ್ತಿ ಇಳಿಯುವ ಹೊತ್ತಿಗೆ ಯೋರೆನ್ ಎಂಬಾತ ಅವಳನ್ನು ಹಿಡಿದು, ನೋಡದಂತೆ ತಡೆದ. ಅಕ್ಕ ಚೀರಿ ಕುಸಿದದ್ದು ಅವಳ ಪಾಲಿಗೆ ಬರಲಿಲ್ಲ. ಒಂದೇ ಸಾವಿನ ಅರ್ಧರ್ಧ ನೆನಪು ಹೊತ್ತುಕೊಂಡು ಇಬ್ಬರೂ ವರ್ಷಗಟ್ಟಲೆ ಅಲೆದರು. ಏಳನೇ ಸೀಸನ್ನಿನ ಆರನೇ ಕಂತಿನಲ್ಲಿ ಆರ್ಯಾ ಆ ದಿನ ಅಕ್ಕ ತೊಟ್ಟಿದ್ದ ಉಡುಪನ್ನು ಎತ್ತಿ ಆಡುತ್ತಾಳಲ್ಲ, ಅದು ಕಥೆಗಾರರು ಎಲ್ಲಿಂದಲೋ ತಂದು ತುರುಕಿದ ಜಗಳ ಅಂತ ನನಗೆ ಅನ್ನಿಸಲೇ ಇಲ್ಲ. ಎಂದೋ ಆಗಬೇಕಿದ್ದ ಜಗಳ ಅದು.

ನೀನು ಅಜ್ಜಿಮನೆಯಲ್ಲಿ ಬೆಳೆದು ಹೈಸ್ಕೂಲಿಗೆ ನಮ್ಮ ಮನೆಗೆ ಬಂದ ವರ್ಷ ನೆನೆಸಿಕೋ. ನನ್ನ ಮನಸ್ಸಿನಲ್ಲಿದ್ದವಳು ನನ್ನ ಲಂಗದ ಚುಂಗು ಹಿಡಿದು ಹಿಂದೆ ಹಿಂದೆ ಬರುವ ಮಗು. ಬಂದವಳು ಟ್ರಂಕಿಗೆ ಬೀಗ ಜಡಿದು ಬೀಗದಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡ ಹುಡುಗಿ. ನಾನು ಅಮ್ಮನ ಹತ್ತಿರ ಏನು ಹೇಳುತ್ತೇನೋ ಎಂದು ನೀನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಅಮ್ಮ ನಿನಗೆ ಮೊದಲು ಬಡಿಸಿದರೆ ನನಗೆ ಊಟ ಸೇರುತ್ತಿರಲಿಲ್ಲ. ನಾವು ಯಾರ ಕೊಲೆಯನ್ನೂ ಕಂಡವರಲ್ಲ, ನಮ್ಮನ್ನು ಯಾರೂ ಹಿಂಸಿಸಿರಲಿಲ್ಲ. ಆದರೂ ಹಾಗಿದ್ದೆವು. ಆಗ ನಮ್ಮಿಬ್ಬರ ಮಧ್ಯೆ ಚಾಡಿ ಹೇಳುವವರು ಒಬ್ಬರಿದ್ದಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಭಯವಾಗುತ್ತದೆ.

ಆ ಅಕ್ಕತಂಗಿಯರ ಮನೆಯಾದ ವಿಂಟರ್‌ಫೆಲ್ ಕೋಟೆಯಲ್ಲಿ ಅಂಥ ಒಬ್ಬನಿದ್ದ, ಲಿಟಲ್‌ಫಿಂಗರ್. ಅವನ ಕುತಂತ್ರ ತೀರಾ ಸಲೀಸಾಯಿತು ಎನ್ನುತ್ತೀಯ. ಅವನ ಕೈಯಲ್ಲಿದ್ದ ವಸ್ತು ಏನೆಂದು ಗಮನಿಸಿದೆಯಾ? ಅವನು ಹೊಸ ಸುಳ್ಳನ್ನು ಹುಟ್ಟಿಸುವುದೇ ಇಲ್ಲ. ಕಾಗದ ನಿಜ, ಅಕ್ಷರ ಸಾನ್ಸಾಳದ್ದೇ. ಮೊದಲ ಸೀಸನ್ನಿನಲ್ಲಿ ಸರ್ಸಿ ರಾಣಿ ಹೆದರಿಸಿ ಪುಸಲಾಯಿಸಿ, ಅಣ್ಣ ರಾಬ್ ಬಂದು ಜೋಫ್ರಿಗೆ ನಿಷ್ಠೆ ಒಪ್ಪಿಸಲಿ ಎಂದು ಬರೆಸಿದ ಪತ್ರ. ಅದನ್ನು ಬರೆಸುವಾಗ ಲಿಟಲ್‌ಫಿಂಗರ್ ಆ ಕೋಣೆಯಲ್ಲೇ ಇದ್ದ! ಸತ್ಯದ ತುಣುಕೊಂದನ್ನು ಅದರ ಸಂದರ್ಭದಿಂದ ಕಿತ್ತು ತನ್ನ ಹಾಸಿಗೆಯಲ್ಲಿ ಬಚ್ಚಿಟ್ಟ. ಆರ್ಯಾ ಅದನ್ನು ತಾನೇ ಪತ್ತೆ ಹಚ್ಚಿದೆ ಎಂದುಕೊಳ್ಳುವ ಹಾಗೆ ಮಾಡಿದ. ಬೇರೆಯವರು ತಂದು ಹೇಳಿದ್ದನ್ನು ನಾವು ಒಂದು ಸಲ ತೂಗಿ ನೋಡುತ್ತೇವೆ. ನಾವೇ ಕದ್ದು ಕಂಡುಹಿಡಿದದ್ದರ ಮೇಲೆ ಆ ಅನುಮಾನ ಬರುವುದಿಲ್ಲ.

ಈಗ ನಿನ್ನ ಸಿಟ್ಟಿನಲ್ಲಿ ನನ್ನ ಪಾಲು. ಏಳನೇ ಕಂತಿನ ಸಭೆಯಲ್ಲಿ ಸಾನ್ಸಾ ಕೊಲೆ ಮತ್ತು ದ್ರೋಹದ ಆರೋಪ ಓದಿ, ಎಲ್ಲರೂ ಆರ್ಯಾಳನ್ನು ನೋಡುತ್ತಿರುವಾಗ ಲಿಟಲ್‌ಫಿಂಗರ್‌ನತ್ತ ತಿರುಗುತ್ತಾಳೆ. ನಾನೂ ಚಪ್ಪಾಳೆ ಹೊಡೆದೆ. ಆದರೆ ರಾತ್ರಿಯೆಲ್ಲ ಒಂದೇ ಪ್ರಶ್ನೆ ಕೊರೆಯಿತು: ಈ ಅಕ್ಕತಂಗಿಯರು ಒಂದಾದದ್ದು ಯಾವಾಗ? ಆರನೇ ಕಂತಿನಲ್ಲಿ ಆರ್ಯಾ ಮುಖವಾಡಗಳ ಚೀಲ ತೋರಿಸಿ, ನಿನ್ನ ಮುಖವನ್ನೂ ತೊಡಬಲ್ಲೆ ಎಂಬಂತೆ ಹೆದರಿಸಿ, ಕಠಾರಿಯನ್ನು ಅಕ್ಕನ ಕೈಗಿಟ್ಟು ಹೋಗುತ್ತಾಳಲ್ಲ, ಆ ಕೋಣೆಯಲ್ಲಿ ಇಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಅದು ನಾಟಕವಾದರೆ ಯಾರಿಗಾಗಿ ಆಡಿದರು? ನಮಗಾಗಿ ಎಂಬುದೊಂದೇ ಉತ್ತರ. ಪಾತ್ರಗಳು ತಮ್ಮ ಕಥೆಯೊಳಗೆ ಬದುಕುವುದನ್ನು ಬಿಟ್ಟು ನೋಡುವವರನ್ನು ಬೆಚ್ಚಿಬೀಳಿಸಲು ನಿಂತರೆ ನಂಬಿಕೆ ಕಳಚಿಕೊಳ್ಳುತ್ತದೆ. ಅದು ನಿಜವಾದ ಜಗಳವೇ ಆಗಿದ್ದರೆ, ಅದು ಮುರಿದು ಬಿದ್ದ ಗಳಿಗೆಯನ್ನು ನಮಗೆ ತೋರಿಸಬೇಕಿತ್ತು. ಇಡೀ ಕಥೆಯ ಹೃದಯವೇ ಆ ಗಳಿಗೆ.

ಅಂಥದೊಂದು ದೃಶ್ಯವನ್ನು ಚಿತ್ರೀಕರಿಸಿಯೂ ಇದ್ದರು. ಅವರ ತಮ್ಮ ಬ್ರಾನ್‌ನ ಪಾತ್ರ ಮಾಡಿದ ಐಸಾಕ್ ಹೆಂಪ್‌ಸ್ಟೆಡ್ ರೈಟ್ ಆಮೇಲೆ ಸಂದರ್ಶನವೊಂದರಲ್ಲಿ ಹೇಳಿದ್ದಾನೆ: ಸಾನ್ಸಾ ಬ್ರಾನ್‌ನ ಕೋಣೆಯ ಬಾಗಿಲು ತಟ್ಟಿ ಸಹಾಯ ಕೇಳುವ ಚಿಕ್ಕ ದೃಶ್ಯವಿತ್ತು, ಅದನ್ನು ಕತ್ತರಿಸಿದರು ಎಂದು. ಹಿಂದೆ ನಡೆದದ್ದನ್ನೆಲ್ಲ ಕಾಣಬಲ್ಲ ತಮ್ಮ ಅದೇ ಕೋಟೆಯಲ್ಲಿದ್ದಾನೆ. ಅವನನ್ನು ಕೇಳಲು ಅಕ್ಕನಿಗೆ ಯಾಕೆ ಇಷ್ಟು ತಡವಾಯಿತು, ಕೇಳುವಾಗ ಅವಳ ಗಂಟಲಲ್ಲಿ ಏನಿತ್ತು, ಇದು ನನಗೆ ಬೇಕಿತ್ತು. ಸೋಫಿ ಟರ್ನರ್‌ಳಂಥ ನಟಿ ಅದನ್ನು ಒಂದು ನೋಟದಲ್ಲಿ ಹೇಳುತ್ತಿದ್ದಳು.

ಅಜ್ಜಿ ಹೇಳುತ್ತಿದ್ದ ಕದ್ರು ವಿನತೆಯರ ಕಥೆ ನೋಡು. ಅವರೂ ಅಕ್ಕತಂಗಿಯರೇ. ಉಚ್ಚೈಃಶ್ರವಸ್ಸೆಂಬ ಕುದುರೆಯ ಬಾಲ ಕಪ್ಪೋ ಬಿಳಿಯೋ ಎಂದು ಪಣ ಕಟ್ಟುತ್ತಾರೆ, ಸೋತವಳು ಗೆದ್ದವಳ ದಾಸಿ. ಕದ್ರು ತನ್ನ ಮಕ್ಕಳಾದ ಹಾವುಗಳಿಗೆ ಬಾಲದ ಕೂದಲಾಗಿ ಅಂಟಿಕೊಳ್ಳಲು ಹೇಳುವುದು ವಿನತೆಗೆ ಗೊತ್ತಿಲ್ಲ, ಕೇಳುತ್ತಿರುವ ನಮಗೆ ಗೊತ್ತು. ಗೊತ್ತಿದ್ದುದರಿಂದಲೇ ವಿನತೆ ನಂಬಿ ಕುದುರೆ ನೋಡಲು ಹೊರಟಾಗ ನಮ್ಮ ಎದೆ ಹೊಡೆದುಕೊಳ್ಳುತ್ತಿತ್ತು. ಮೋಸವನ್ನು ಕೇಳುಗರ ಕೈಗೆ ಮೊದಲೇ ಕೊಟ್ಟರೆ ಕುತೂಹಲ ಸಾಯುವುದಿಲ್ಲ ಎನ್ನುವುದು ಆದಿಪರ್ವದ ಕಾಲಕ್ಕೇ ತಿಳಿದಿತ್ತು.

ಧಾರಾವಾಹಿಯನ್ನು ಕಟ್ಟಿದ ಡೇವಿಡ್ ಬೆನಿಯಾಫ್ ಮತ್ತು ಡಿ.ಬಿ. ವೈಸ್ ಅವರ ಕಷ್ಟವೂ ನನಗೆ ಕಾಣುತ್ತದೆ. ಜಾರ್ಜ್ ಆರ್.ಆರ್. ಮಾರ್ಟಿನ್ ಅವರ ಐದನೇ ಪುಸ್ತಕ ಬಂದದ್ದು 2011ರಲ್ಲಿ, ಅದರಲ್ಲಿ ಅಕ್ಕತಂಗಿಯರು ಇನ್ನೂ ಒಬ್ಬರನ್ನೊಬ್ಬರು ಸೇರಿಯೇ ಇಲ್ಲ. ಈ ಭೇಟಿಯನ್ನು ಇವರೇ ಕಟ್ಟಬೇಕಿತ್ತು. ಆದರೆ ಹಿಂದಿನ ಸೀಸನ್‌ಗಳಿಗೆ ಹತ್ತು ಹತ್ತು ಕಂತು ಕೊಟ್ಟವರು 2017ರ ಈ ಸೀಸನ್ನಿಗೆ ಏಳೇ ಕಂತು ಕೊಟ್ಟರು. ಅನುಮಾನ ಹುಟ್ಟಿ, ಹಣ್ಣಾಗಿ, ಕರಗಬೇಕಾದ ಮನೆಯ ಕಥೆಗೆ ಆ ಅವಸರ ಒಗ್ಗಲಿಲ್ಲ.

ಇಷ್ಟಾದರೂ ಆ ಜಗಳ ನಿಜ ಎಂದೇ ನಾನು ಹೇಳುವುದಕ್ಕೆ ಒಂದು ಆಧಾರವಿದೆ. ಆರನೇ ಕಂತಿನಲ್ಲಿ ಸಾನ್ಸಾ ತಂಗಿಯ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ, ನಾನು ಅನುಭವಿಸಿದ್ದನ್ನು ನೀನಾಗಿದ್ದರೆ ತಾಳಿ ಉಳಿಯುತ್ತಿರಲಿಲ್ಲ ಎಂದು. ಲಿಟಲ್‌ಫಿಂಗರ್ ಸತ್ತ ಮೇಲೆ ಕೋಟೆಯ ಗೋಡೆಯ ಮೇಲೆ ನಿಂತು ಆರ್ಯಾ ಅದೇ ಮಾತನ್ನು ತಾನಾಗಿ ಒಪ್ಪಿಕೊಳ್ಳುತ್ತಾಳೆ. ನೀನು ಅನುಭವಿಸಿದ್ದನ್ನು ನಾನು ತಾಳುತ್ತಿರಲಿಲ್ಲ ಎನ್ನುತ್ತಾಳೆ. ಮೊದಲನೆಯದು ಬರೀ ನಟನೆಯಾಗಿದ್ದರೆ ಎರಡನೆಯದಕ್ಕೆ ಏನು ಬೆಲೆ? ಆರನೇ ಕಂತನ್ನು ಇನ್ನೊಂದು ಸಲ ನೋಡು. ಆರ್ಯಾ ಪಾತ್ರದ ಮೇಸಿ ವಿಲಿಯಮ್ಸ್ ಮೇಲಿನಿಂದ ಅಂಗಳ ನೋಡುತ್ತ ನಿಂತು, ಚಿಕ್ಕವಳಾಗಿದ್ದಾಗ ತಾನು ಬಿಲ್ಲು ಹಿಡಿದದ್ದನ್ನು ಅಪ್ಪ ಕಂಡು ಚಪ್ಪಾಳೆ ತಟ್ಟಿದ ಕಥೆ ಹೇಳುವಾಗ ಅವಳ ದನಿ ಗಮನಿಸು. ಆಗಲೂ ಸುಳ್ಳು ಅನ್ನಿಸಿದರೆ ಯಾಕೆಂದು ಬಿಡಿಸಿ ಬರೆ, ನಾನು ಕಾಯುತ್ತೇನೆ.

ನಿನ್ನ
ಅಕ್ಕ