ಕಾರಿನ ಬಣ್ಣ

ಪಿಂಚಣಿ ಬರತೊಡಗಿದ ಮೇಲೆ ಜನ ಸಾಮಾನ್ಯವಾಗಿ ಭಗವದ್ಗೀತೆಯನ್ನೋ ತೆಂಗಿನ ತೋಟವನ್ನೋ ಹಿಡಿಯುತ್ತಾರೆ. ಹಿರಿಯೂರಿನ ನಮ್ಮ ಭಾವನವರು ಕಾರು ಹಿಡಿದರು. ಅದೂ ಎಂಥ ಕಾರು! ಎರಡೇ ಆಸನ, ಮೇಲಿನ ಬಟ್ಟೆಯ ಛಾವಣಿಯನ್ನು ಮಡಿಚಿಟ್ಟರೆ ತಲೆಯ ಮೇಲೆ ಬರೀ ಆಕಾಶ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ಮೇಲೆ ಕೋಡಿ ಬಿದ್ದಾಗ ಊರಿನವರೆಲ್ಲ ಬಸ್ಸು ಟೆಂಪೋ ಹತ್ತಿ ನೀರು ನೋಡಲು ಹೊರಟರೆ, ಇವರು ಬೆಂಗಳೂರಿಗೆ ಹೋಗಿ ಹಳೆಯ ಸ್ಯಾನ್ ಸ್ಟಾರ್ಮ್ ಒಂದನ್ನು ಕೊಂಡು ತಂದು, ಅದರಲ್ಲಿ ಅಕ್ಕನನ್ನು ಕೂರಿಸಿಕೊಂಡು ಮಾರಿಕಣಿವೆಗೆ ಹೋದರು. ಒಂದು ಕಾಲಕ್ಕೆ ಗೋವಾದಲ್ಲಿ ತಯಾರಾಗುತ್ತಿದ್ದ ಪುಟ್ಟ ಸ್ಪೋರ್ಟ್ಸ್ ಕಾರು ಅದು. ಮೈ ಫೈಬರಿನದು, ತುಕ್ಕಿನ ಭಯವಿಲ್ಲ. ಆದರೆ ನಮ್ಮ ದುರ್ಗದ ಸೀಮೆಯ ಬಿಸಿಲು ತುಕ್ಕಿಗಿಂತ ನಿಷ್ಠುರ. ಮೊದಲೇ ಮಂಕಾಗಿದ್ದ ಅದರ ಕಡುನೀಲಿ, ಎರಡು ಬೇಸಗೆ ಕಳೆಯುವುದರೊಳಗೆ ನೂರು ಸಲ ಒಗೆದ ಸ್ಕೂಲು ಚಡ್ಡಿಯ ಬಣ್ಣಕ್ಕೆ ಇಳಿದಿತ್ತು.

ಹೊಸ ಬಣ್ಣ ಹೊಡೆಸುವುದೆಂದು ತೀರ್ಮಾನವಾಯಿತು. ದುರ್ಗದ ಗ್ಯಾರೇಜಿನ ಪೇಂಟರು ಮೂರು ತುಂಡು ತಗಡಿಗೆ ಮೂರು ಬಣ್ಣ ಬಳಿದು ತೋರಿಸಿದರು: ಕಪ್ಪು, ಕಡುನೀಲಿ, ಕಡುಹಸಿರು. ಗ್ಯಾರೇಜಿನ ನೆರಳಿನಲ್ಲಿ ಮೂರೂ ಒಂದೇ ತಾಯಿಯ ಮಕ್ಕಳಂತೆ ಕಂಡವು. "ಸಾರ್, ನೆರಳಲ್ಲಿ ಬಣ್ಣ ಆರಿಸಬಾರದು. ಬಿಸಿಲಿಗೆ ಹಿಡೀರಿ, ಓರೆ ಮಾಡಿ ನೋಡಿ" ಎಂದರು ಆತ. ಬಣ್ಣದಲ್ಲಿ ಬೆರೆತ ಅಲ್ಯೂಮಿನಿಯಮ್ಮಿನ ಸಣ್ಣ ಹುಡಿ ನೇರ ನೋಡಿದರೆ ಒಂದು ಬಗೆ, ಓರೆಯಿಂದ ನೋಡಿದರೆ ಇನ್ನೊಂದು ಬಗೆ ಮಿನುಗುತ್ತದೆ. ಬಿಸಿಲಿಗೆ ಹಿಡಿದೊಡನೆ ನೀಲಿ ನವಿಲಿನ ಕೊರಳಿನಂತೆ ಎಚ್ಚೆತ್ತುಕೊಂಡಿತು. ಹಸಿರು ಮಳೆ ಬಿದ್ದ ಮಾವಿನೆಲೆಯಾಯಿತು. ಕಪ್ಪು ಮಾತ್ರ ಹಟಮಾರಿಯಂತೆ ಕಪ್ಪಾಗಿಯೇ ಉಳಿಯಿತು.

ಪರದೇಶದಲ್ಲಿರುವ ಸೋದರಳಿಯ ಫೋನಿನಲ್ಲಿ ಕಪ್ಪೇ ಗಂಭೀರವೆಂದ. ನಾನು ಹಸಿರಿನ ಪಕ್ಷ. 1903ರಲ್ಲಿ ಐರ್ಲೆಂಡಿನಲ್ಲಿ ನಡೆದ ಗೋರ್ಡನ್ ಬೆನೆಟ್ ಪಂದ್ಯದಲ್ಲಿ ಇಂಗ್ಲಿಷರ ಕಾರುಗಳು ಹಸಿರು ತೊಟ್ಟಂದಿನಿಂದ ಓಟದ ಕಾರಿಗೆ ಹಸಿರು ಒಂದು ಕುಲಲಾಂಛನವೆಂದು ಎಲ್ಲೋ ಓದಿದ್ದೆ. ಅಕ್ಕನದು ನೀಲಿ, ಆರ್.ಸಿ.ಯಲ್ಲಿ ನೀಲಿ ಎಂದೇ ಬರೆದಿರುವಾಗ ಬೇರೆ ಬಣ್ಣ ಹೊಡೆಸಿ ಆರ್.ಟಿ.ಓ. ಕಚೇರಿಗೆ ಯಾರು ಅಲೆಯುತ್ತಾರೆ ಎಂಬುದು ಅವಳ ವಾದ. ಮೂವರ ವಾದಗಳಲ್ಲಿ ತೂಕವಿದ್ದದ್ದು ಅದೊಂದೇ ಎಂದು ಈಗ ಒಪ್ಪುತ್ತೇನೆ.

ಭಾವ ಮೂರು ತಗಡನ್ನೂ ಬಿಸಿಲಿನಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ಇದರಲ್ಲಿ ಜಗಳ ಆಡೋದೇನಿದೆಯೋ? ಎಲ್ಲಾ ಕಪ್ಪೇ" ಎಂದರು.

ಎಲ್ಲರೂ ನಕ್ಕೆವು. ನಾನಂತೂ ನಕ್ಕು ಸುಮ್ಮನಾಗಲಿಲ್ಲ. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಇಂಥ ಅವಕಾಶ ಸಿಕ್ಕರೆ ನಾಲಗೆ ಹಿಡಿತಕ್ಕೆ ಬಾರದು. "ಭಾವ, ನೀವು ಹೇಳಿದ್ದು ಶಾಸ್ತ್ರಸಮ್ಮತ. ಕಪ್ಪು ನೀಲಿಗಳನ್ನು, ಕಪ್ಪು ಹಸಿರುಗಳನ್ನು ಒಂದೇ ಎಂದು ವರ್ಣಿಸುವುದು ಕವಿಸಮಯ ಅಂತ ರಾಜಶೇಖರ ಕಾವ್ಯಮೀಮಾಂಸೆಯಲ್ಲಿ ಹೇಳಿದಾನೆ. ಸಾಲದ್ದಕ್ಕೆ ಕನ್ನಡದಲ್ಲಿ 'ಕಾರ್' ಎಂದರೇ ಕಪ್ಪು, ಕಾರ್ಮುಗಿಲು, ಕಾರಿರುಳು" ಎಂದು ಒಂದು ಪುಟ್ಟ ಉಪನ್ಯಾಸವನ್ನೇ ಕೊಟ್ಟೆ. ಭಾವನಿಗೆ ಬಹಳ ಹಿಡಿಸಿತು. "ನೋಡ್ರೀ, ಮೇಷ್ಟ್ರೇ ಹೇಳಿದ ಮೇಲೆ ಆಯ್ತು" ಎಂದು ಪೇಂಟರ ಮುಂದೆ ಹೆಮ್ಮೆಪಟ್ಟರು. ಬಣ್ಣದ ವಿಷಯ ಅಲ್ಲಿಗೆ ನಿಂತಿತು.

ಎರಡು ತಿಂಗಳು ಕಳೆದು ಹೊಸದುರ್ಗದಲ್ಲೊಂದು ಮದುವೆ. ಊಟದ ಪಂಕ್ತಿಯಲ್ಲಿ ಅಕ್ಕ ಭಾವನ ಕಾಲು ನೋಡಿ, "ರೀ, ಇದೇನ್ರೀ, ಒಂದು ಕಪ್ಪು ಸಾಕ್ಸು, ಒಂದು ನೀಲಿ!" ಎಂದಳು. ಭಾವ ನನ್ನತ್ತ ತಿರುಗಿ "ಕವಿಸಮಯ" ಎಂದರು. ಮತ್ತೆ ಎಲ್ಲರೂ ನಕ್ಕೆವು.

ಅಕ್ಕ ಮದುವೆಮನೆಯಲ್ಲೇ ಉಳಿದಳು. ನನ್ನನ್ನು ದುರ್ಗದಲ್ಲಿ ಇಳಿಸಿ ಹಿರಿಯೂರಿಗೆ ಹೋಗುವುದೆಂದು ಭಾವ ಹೊಳಲ್ಕೆರೆಯ ದಾರಿ ಹಿಡಿದರು. ಸಂಜೆ ಕಂತುತ್ತಿತ್ತು. ಛಾವಣಿ ತೆಗೆದಿದ್ದೆವು, ಗಾಳಿ ಹಿತವಾಗಿತ್ತು. ಮುಂದೆ ರಸ್ತೆಯ ಅಂಚಿನಲ್ಲಿ ಕರಿಕಂಬಳಿ ಹೊದ್ದ ಕುರಿಗಾಹಿಯೊಬ್ಬ ಕೋಲು ಅಡ್ಡ ಹಿಡಿದು ಕುರಿಗಳನ್ನು ದಾಟಿಸಲು ಹವಣಿಸುತ್ತಿದ್ದ. ನನಗೆ ಅವನು ಬಹಳ ದೂರದಿಂದಲೇ ಕಾಣುತ್ತಿದ್ದ. ಭಾವನಿಗೂ ಕಾಣುತ್ತಿದ್ದಾನೆಂದೇ ನಾನು ತಿಳಿದಿದ್ದೆ. ಕಾರು ನಿಧಾನಿಸಲಿಲ್ಲ. "ಭಾವಾ!" ಎಂದು ನಾನು ಕೂಗಿದ ಮೇಲೆ ಬ್ರೇಕು ಬಿತ್ತು. ಕಾರಿನ ಮೂತಿಗೂ ಕಂಬಳಿಯ ಅಂಚಿಗೂ ಒಂದು ಮಾರು ಉಳಿದಿತ್ತು. ಆತ ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಅದರಲ್ಲಿ ಒಂದಕ್ಷರವೂ ಹೆಚ್ಚಿನದಲ್ಲ.

ಹೊಳಲ್ಕೆರೆ ಮುಟ್ಟುವವರೆಗೆ ಭಾವ ಮಾತಾಡಲಿಲ್ಲ. ಊರು ಬಂದಾಗ ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು.

"ಅವನು ನಿನಗೆ ಕಂಡಿದ್ದನೇನೋ?"

"ದೂರದಿಂದಲೇ ಕಂಡ, ಭಾವ."

"ನನಗೆ ಕಾಣಲಿಲ್ಲ ಕಣೋ" ಎಂದು ಬೀಗದ ಕೈಯನ್ನು ನನ್ನ ಕೈಯಲ್ಲಿಟ್ಟು, ಇಳಿದು ಈ ಕಡೆಗೆ ಬಂದು ಕುಳಿತರು. ಆ ಕಾರಿನ ಚಕ್ರವನ್ನು ಅವರು ಅದುವರೆಗೆ ಬೇರೆಯವರ ಕೈಗೆ ಕೊಟ್ಟವರಲ್ಲ.

ಎರಡೂ ಕಣ್ಣಿಗೆ ಪೊರೆ. ದುರ್ಗದ ಕಣ್ಣಿನ ವೈದ್ಯರು ವಿವರಿಸಿದರು: ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಹಳದಿ ಗಾಜಿನೊಳಗಿಂದ ನೋಡಿದ ಹಾಗೆ, ಮೊದಲು ಸೋರಿಹೋಗುವುದು ನೀಲಿ, ಕಡುನೀಲಿ ಕಪ್ಪಾಗಿ ಕಾಣುತ್ತದೆ, ಮಬ್ಬುಬೆಳಕಿನಲ್ಲಿ ಕಪ್ಪು ವಸ್ತು ಕತ್ತಲೆಯಲ್ಲಿ ಕರಗುತ್ತದೆ. ಇದು ನಿಧಾನವಾಗಿ ಆಗುವುದರಿಂದ ರೋಗಿಗೇ ತಿಳಿಯುವುದಿಲ್ಲ. ಬಣ್ಣವನ್ನೇ ಉಸಿರಾಡಿದ ಫ್ರಾನ್ಸಿನ ಚಿತ್ರಕಾರ ಮೋನೆಗೂ ಪೊರೆ ಬಂದು, 1923ರಲ್ಲಿ ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಎಲ್ಲವೂ ಅತಿ ನೀಲಿಯಾಗಿ ಕಾಣುತ್ತದೆಂದು ಆತ ಗೊಣಗಿದನಂತೆ.

ವೈದ್ಯರು ಹೇಳುತ್ತಿದ್ದಷ್ಟು ಹೊತ್ತೂ ನಾನು ನೆಲ ನೋಡುತ್ತಿದ್ದೆ. ಬಿಸಿಲಿನಲ್ಲಿ ನವಿಲಿನ ಕೊರಳಿನಂತೆ ಹೊಳೆಯುವ ನೀಲಿಯನ್ನು ಒಬ್ಬ ಮನುಷ್ಯ ಕಪ್ಪು ಎಂದಾಗ "ನಿಮಗೆ ಕಾಣೋದಿಲ್ಲವೇ?" ಎಂದು ಕೇಳಲು ಎಂ.ಎ. ಬೇಕಿಲ್ಲ. ನನ್ನ ಹತ್ತಿರ ಎಂ.ಎ. ಇದ್ದದ್ದರಿಂದ ನಾನು ಕೇಳಲಿಲ್ಲ. ಪೇಂಟರು ಆ ದಿನ ಭಾವನ ಮುಖವನ್ನೇ ಎರಡು ಸಲ ನೋಡಿದ್ದು ಈಗ ನೆನಪಿಗೆ ಬಂತು. ಮೇಷ್ಟ್ರ ಶಾಸ್ತ್ರದ ಮುಂದೆ ಆತ ಬಾಯಿ ಹೇಗೆ ತೆರೆದಾನು?

ಮೊದಲು ಬಲಗಣ್ಣಿಗೆ ಚಿಕಿತ್ಸೆಯಾಯಿತು. ಎಡಗಣ್ಣಿಗೆ ಕೆಲವು ವಾರ ತಡೆಯಬೇಕಿತ್ತು. ಆ ನಡುವೆ ಒಂದು ಬೆಳಿಗ್ಗೆ ಭಾವ, ಅಕ್ಕ, ನಾನು ಮೂವರೂ ಗ್ಯಾರೇಜಿಗೆ ಹೋದೆವು. ಪೇಂಟರು ಅದೇ ಮೂರು ತಗಡನ್ನು ಧೂಳು ಒರೆಸಿ ಬಿಸಿಲಿಗೆ ಇಟ್ಟರು. ಭಾವ ಎಡಗಣ್ಣು ಮುಚ್ಚಿ ನೋಡಿದರು. ಆಮೇಲೆ ಬಲಗಣ್ಣು ಮುಚ್ಚಿ ನೋಡಿದರು. ಮತ್ತೆ ಎಡ, ಮತ್ತೆ ಬಲ.

"ರೀ, ನಡುರಸ್ತೇಲಿ ಯಾರಿಗೆ ಕಣ್ಣು ಹೊಡೀತಿದೀರಿ?" ಎಂದಳು ಅಕ್ಕ.

"ಈ ಕಣ್ಣಿಗೆ ನೀಲಿ, ಈ ಕಣ್ಣಿಗೆ ಕಪ್ಪು ಕಣೇ!" ಭಾವನ ದನಿ ಹುಡುಗನ ದನಿಯಾಗಿತ್ತು. ಬಳಿಕ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನಿಮ್ಮ ರಾಜಶೇಖರನಿಗೂ ಪೊರೆ ಬಂದಿತ್ತೋ ಏನೋ. ಪಾಪ, ಯಾರೂ ಹೇಳಲಿಲ್ಲ ಅವನಿಗೆ."

ನಾನು ಏನು ಹೇಳಲಿ?

ಪೇಂಟರು ಕೈಯೊರೆಸಿಕೊಳ್ಳುತ್ತ, "ಸಾರ್, ಈಗ ಯಾವ ಕಣ್ಣಿನ ಬಣ್ಣ ಹೊಡೀಲಿ?" ಎಂದರು.

ಭಾವ ಇನ್ನೊಮ್ಮೆ ಎಡಗಣ್ಣು ಮುಚ್ಚಿ, ಬಗ್ಗಿ, ನಡುವಿನ ತಗಡಿನ ಮೇಲೆ ಬೆರಳಿಟ್ಟರು.