ಬಫೆಲೋ ಊರಿನ ಹಿಮವೂ ಬಾಗಿಲ ಮುಂದಿನ ಯಂತ್ರವೂ

ಅಮೆರಿಕ ಎಂದೊಡನೆ ನಯಾಗರ ಜಲಪಾತದ ಮುಂದೆ ನಿಂತು ತೆಗೆಸಿಕೊಂಡ ಫೋಟೋ ನೆನಪಾಗುತ್ತದಲ್ಲವೇ? ಆ ಜಲಪಾತದಿಂದ ಕಾರಿನಲ್ಲಿ ಅರ್ಧ ಗಂಟೆ ಬಂದರೆ ಬಫೆಲೋ ಎಂಬ ಊರು. ಹೆಸರು ಎಮ್ಮೆಯದಾದರೂ ಊರಿನಲ್ಲಿ ಎಮ್ಮೆ ಕಾಣುವುದಿಲ್ಲ, ಕಾಣುವುದೆಲ್ಲ ಹಿಮ. ನಿಮ್ಮ ಮಗಳೋ ಸೊಸೆಯೋ ಆ ಕಡೆ ಇದ್ದು, ಚಳಿಗಾಲದಲ್ಲಿ ಬಾಣಂತನಕ್ಕೆಂದು ಹೊರಟಿದ್ದೀರಾ? ಹಾಗಾದರೆ ಅಂಟಿನುಂಡೆ, ಮೆಂತ್ಯದ ಹಿಟ್ಟು ಕಟ್ಟಿಕೊಳ್ಳುವ ಗಡಿಬಿಡಿಯ ನಡುವೆ ಇದನ್ನೂ ಒಮ್ಮೆ ಓದಿ. ಪುಸ್ತಕದಲ್ಲಿ ಯಾರೂ ಬರೆಯದ ವಿಷಯ ಇದು: ಮನೆ ಮುಂದಿನ ಹಿಮ ತೆಗೆಯುವುದು ಹೇಗೆ, ಯಾವ ಯಂತ್ರದಿಂದ, ಮತ್ತು ಯಾರು?

ಮೊದಲು ಊರಿನ ಗುಣ ತಿಳಿಯಬೇಕು. ಪಕ್ಕದಲ್ಲೇ ಈರಿ ಎಂಬ ಸರೋವರವಿದೆ. ನಮ್ಮ ಊರಿನ ಕೆರೆಯಂತಲ್ಲ, ನೈಋತ್ಯಕ್ಕೆ ನೋಡಿದರೆ ಸಮುದ್ರವೇ ಸರಿ. ನವೆಂಬರ್, ಡಿಸೆಂಬರ್‌ನಲ್ಲಿ ನೀರಿಗೆ ಬೇಸಿಗೆಯ ಬಿಸಿ ಇನ್ನೂ ಉಳಿದಿರುತ್ತದೆ. ಅದರ ಮೇಲೆ ಬೀಸುವ ಕೊರೆಯುವ ಗಾಳಿ ನೀರಿನ ಪಸೆಯನ್ನು ಹೀರಿಕೊಂಡು ಬಂದು, ದಡ ಹತ್ತಿದೊಡನೆ ಹಿಮವಾಗಿ ಸುರಿದುಬಿಡುತ್ತದೆ. ಅರಬ್ಬೀ ಸಮುದ್ರ ನಮ್ಮ ಆಗುಂಬೆಗೆ ಮಾಡುವ ಉಪಕಾರವನ್ನೇ ಈರಿ ಬಫೆಲೋಗೆ ಮಾಡುತ್ತದೆ ಅನ್ನಿ. ವರ್ಷಕ್ಕೆ ಸರಾಸರಿ 95 ಇಂಚು, ಅಂದರೆ ಹೆಚ್ಚುಕಡಿಮೆ ಎಂಟು ಅಡಿ ಹಿಮ! ಸರೋವರ ಹೆಪ್ಪುಗಟ್ಟಿದ ಮೇಲೆ ಈ ಕಾಟ ಕಡಿಮೆಯಾಗುತ್ತದೆ. ‘ಸದ್ಯ, ಕೆರೆ ಹೆಪ್ಪುಗಟ್ಟಲಿ’ ಎಂದು ಜನ ಕಾಯುವ ಊರನ್ನು ನಾನು ಇದೊಂದೇ ಕಂಡದ್ದು.

ಇನ್ನೊಂದು ವಿಚಿತ್ರವೆಂದರೆ ಆ ಹಿಮ ಪಟ್ಟೆಪಟ್ಟೆಯಾಗಿ ಬೀಳುತ್ತದೆ. ತೀರ್ಥಹಳ್ಳಿಯಲ್ಲಿ ಜಡಿಮಳೆ, ಶಿವಮೊಗ್ಗದಲ್ಲಿ ಒಣಹವೆ ಇದ್ದ ಹಾಗೆ. 2014ರ ನವೆಂಬರಿನಲ್ಲಿ ಊರಿನ ತೆಂಕಣ ಬಡಾವಣೆಗಳಲ್ಲಿ ಐದಾರು ಅಡಿ ಬಿದ್ದರೆ, ಬಡಗಣದವರು ಕೆಲವೇ ಇಂಚು ಕಂಡರಂತೆ. 2022ರ ನವೆಂಬರಿನಲ್ಲೂ ತೆಂಕಣದ ಆರ್ಚರ್ಡ್ ಪಾರ್ಕ್, ಹ್ಯಾಂಬರ್ಗ್‌ಗಳಲ್ಲಿ ಆರಡಿಗೂ ಮಿಗಿಲು. ಆದ್ದರಿಂದ ‘ಬಫೆಲೋದಲ್ಲಿ ಯಾವ ಯಂತ್ರ ಒಳ್ಳೆಯದು?’ ಎಂದು ಕೇಳಿದರೆ ಉತ್ತರವಿಲ್ಲ. ಯಾವ ಬಡಾವಣೆ ಎಂದು ಮೊದಲು ಕೇಳಬೇಕು.

ನನ್ನ ಮಗಳ ಮನೆ ಬಡಗಣದ ಆಮ್‌ಹರ್ಸ್ಟ್‌ನಲ್ಲಿ. ನಾವಿಬ್ಬರೂ ಅಲ್ಲಿಗೆ ಹೋದದ್ದು 2023ರ ನವೆಂಬರಿನಲ್ಲಿ. ಆಗ ಅವಳಿಗೆ ಎಂಟು ತಿಂಗಳು. ಅಳಿಯಂದಿರಿಗೆ ಆಸ್ಪತ್ರೆಯಲ್ಲಿ ಕೆಲಸ, ಬೆಳಗ್ಗೆ ಐದಕ್ಕೆಲ್ಲ ಮನೆ ಬಿಡುತ್ತಾರೆ. ನಮ್ಮವರ ಎದೆಗೆ ಸ್ಟೆಂಟ್ ಹಾಕಿಸಿ ಎರಡು ವರ್ಷವಾಗಿತ್ತು. ಆದರೂ ಹಿಮದ ಸಲಿಕೆ ಕಂಡದ್ದೇ ತಡ, ತೋಟಕ್ಕೆ ಹೊರಟವರಂತೆ ಪಂಚೆ ಎತ್ತಿ ಕಟ್ಟುವ ಹುಮ್ಮಸ್ಸು! ಇಲ್ಲಿ ನಗಬೇಡಿ. ಕೊರೆವ ಚಳಿಯಲ್ಲಿ ರಕ್ತನಾಳಗಳು ಬಿಗಿದುಕೊಂಡಿರುತ್ತವೆ, ಅದರ ಮೇಲೆ ಸಲಿಕೆ ತುಂಬಾ ಹಿಮ ಎತ್ತಿ ಎಸೆಯುವುದೆಂದರೆ ಹೃದಯಕ್ಕೆ ಒಮ್ಮೆಗೇ ಎರಡು ಪೆಟ್ಟು. 2022ರ ಡಿಸೆಂಬರಿನ ಹಿಮಬಿರುಗಾಳಿಯಲ್ಲಿ ಆ ಊರಿನ ಸುತ್ತಮುತ್ತ 40ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಹಿಮ ತೆಗೆಯುತ್ತಿದ್ದಾಗಲೇ ಹೃದಯ ನಿಂತವರೂ ಇದ್ದರು. ಸಲಿಕೆಯನ್ನು ನಾನೇ ಗ್ಯಾರೇಜಿನ ಅಟ್ಟಕ್ಕೇರಿಸಿದೆ.

ಹಾಗೆಂದು ಹಿಮವನ್ನು ಬಿಡುವ ಹಾಗೂ ಇಲ್ಲ. ಗ್ಯಾರೇಜಿನಿಂದ ರಸ್ತೆಯವರೆಗಿನ ಕಾರುದಾರಿಗೆ ಅಲ್ಲಿ ಡ್ರೈವ್‌ವೇ ಅನ್ನುತ್ತಾರೆ. ಅದು ಮುಚ್ಚಿತೆಂದರೆ ಕಾರು ಹೊರಗೆ ಬರುವುದಿಲ್ಲ, ಆಂಬುಲೆನ್ಸ್ ಒಳಗೆ ಬರುವುದಿಲ್ಲ. ದಿನ ತುಂಬಿದ ಹೆಣ್ಣುಮಗಳನ್ನು ಮನೆಯಲ್ಲಿಟ್ಟುಕೊಂಡವರಿಗೆ ಆ ಭಯ ಏನೆಂದು ನಿಮಗೆ ನಾನು ಹೇಳಬೇಕೇ?

ಅದಕ್ಕೇ ಸ್ನೋ ಬ್ಲೋವರ್. ನಮ್ಮ ಗದ್ದೆಯ ಟಿಲ್ಲರ್ ನೋಡಿದ್ದೀರಲ್ಲ, ಹಾಗೆಯೇ ಹಿಂದೆ ನಿಂತು ಹಿಡಿಕೆ ಹಿಡಿದು ನಡೆಸಬೇಕು. ಮುಂದೆ ಸುರುಳಿಯಂತಹ ಅಲಗು ಹಿಮವನ್ನು ಬಾಚಿ ಒಳಗೆಳೆದುಕೊಳ್ಳುತ್ತದೆ, ಆನೆಯ ಸೊಂಡಿಲಿನಂತಹ ಕೊಳವೆ ಅದನ್ನು ಪಕ್ಕಕ್ಕೆ ಉಗುಳುತ್ತದೆ. ಈ ಬಗೆಯ ಯಂತ್ರವನ್ನು ಕೆನಡದ ಆರ್ಥರ್ ಸಿಕಾರ್ ಎಂಬುವರು 1925ರಲ್ಲಿ ಮಾಡಿದರು. ಅದು ರಸ್ತೆಗೆಂದು ಮಾಡಿದ, ಟ್ರಕ್ಕಿನಷ್ಟು ದೊಡ್ಡ ಯಂತ್ರ. ಮನೆಮನೆಗೆ ಬಂದದ್ದೆಲ್ಲ ಆಮೇಲೆ.

ಅಂಗಡಿಗೆ ಹೋದರೆ ಮೊದಲ ಪ್ರಶ್ನೆಯೇ ‘ಗ್ಯಾಸೋ, ಎಲೆಕ್ಟ್ರಿಕ್ಕೋ?’ ನೀವು ಸಿಲಿಂಡರ್ ನೆನಪಿಸಿಕೊಳ್ಳಬೇಡಿ. ಅಲ್ಲಿ ಗ್ಯಾಸ್ ಎಂದರೆ ಪೆಟ್ರೋಲು!

ಅಳಿಯಂದಿರ ಕಣ್ಣು ನೇರ ಹೋಗಿ ನಿಂತದ್ದು ದೊಡ್ಡ ಪೆಟ್ರೋಲು ಯಂತ್ರದ ಮೇಲೆ. ಅದಕ್ಕೆ ಟೂ ಸ್ಟೇಜ್ ಅನ್ನುತ್ತಾರೆ. ಅಲಗು ಬಾಚಿದ್ದನ್ನು ಹಿಂದಿನ ಫ್ಯಾನು ದೂರಕ್ಕೆ ಎಸೆಯುತ್ತದೆ. ಒಂದಡಿ ಮೇಲೆ ಹಿಮ ಬಿದ್ದರೂ ಜಗ್ಗುವುದಿಲ್ಲ, ಚಕ್ರ ತಾನೇ ಮುಂದೆ ಹೋಗುತ್ತದೆ. ಆದರೆ ತೂಕ ಸುಮಾರು 90 ಕಿಲೋ. ಬೆಲೆ ಸಾವಿರದಿಂದ ಒಂದೂವರೆ ಸಾವಿರ ಡಾಲರ್. ಆಗಿನ 83 ರೂಪಾಯಿ ಲೆಕ್ಕ ಹಾಕಿದರೆ ಲಕ್ಷದ ಆಚೀಚೆ. (ಲೆಕ್ಕ ಹಾಕಬೇಡಮ್ಮ ಅನ್ನುತ್ತಾಳೆ ಮಗಳು. ಹಾಕದೆ ಇರಲು ನಮಗಾಗುತ್ತದೆಯೇ!)

“ಅತ್ತೆ, 2022ರ ಹಾಗೆ ಇನ್ನೊಂದು ಸಲ ಬಂದರೆ ಆ ಚಿಕ್ಕ ಬ್ಯಾಟರಿ ಯಂತ್ರದಿಂದ ಏನೂ ಆಗಲ್ಲ,” ಎಂದರು ಅವರು.

ಮಗಳು ಹೊಟ್ಟೆ ಹಿಡಿದುಕೊಂಡು ಅಲ್ಲೇ ಇದ್ದ ಬೆಂಚಿನ ಮೇಲೆ ಕೂತಿದ್ದಳು. “ಅಷ್ಟು ಬಂದಾಗ ರಸ್ತೇನೇ ಮುಚ್ಚಿರ್ತಾರೆ, ಗಾಡಿ ತೆಗೀಬಾರದು ಅಂತ ಆರ್ಡರ್ ಇರುತ್ತೆ. ಡ್ರೈವ್‌ವೇ ಬಿಡಿಸಿಕೊಂಡು ಎಲ್ಲಿಗೆ ಹೋಗ್ತೀರಿ? ಮಾಮೂಲಿ ದಿನ ಬೀಳೋದು ಆರಿಂಚು, ಎಂಟಿಂಚು. ಐದಕ್ಕೆ ನೀವು ಹೊರಟು ಹೋದಮೇಲೆ ಬೀಳೋದನ್ನ ತೆಗೆಯೋರು ಯಾರು? ಈ ಆನೇನ ಅಮ್ಮ ತಿರುಗಿಸ್ತಾಳಾ?”

ಅಳಿಯಂದಿರು ಮಾತಾಡಲಿಲ್ಲ. ನನಗಂತೂ ಇಡೀ ವಿಷಯದ ತಿರುಳು ಆ ಒಂದು ಮಾತಿನಲ್ಲೇ ಸಿಕ್ಕಿತು. ಯಂತ್ರ ಕೊಳ್ಳುವಾಗ ಎಲ್ಲರೂ ಹಿಮ ಎಷ್ಟು, ಕುದುರೆಶಕ್ತಿ ಎಷ್ಟು ಎಂದು ಅಳೆಯುತ್ತಾರೆ. ಹಗಲು ಹನ್ನೊಂದು ಗಂಟೆಗೆ ಮನೆಯಲ್ಲಿರುವವರು ಯಾರು ಎಂದು ಅಳೆಯುವುದಿಲ್ಲ. ನಮ್ಮ ಮಿಕ್ಸಿ, ಪಂಪು, ಇನ್ವರ್ಟರ್‌ಗಳೂ ಹೀಗೆಯೇ ಮನೆಗೆ ಬಂದವಲ್ಲವೇ!

ಎಲೆಕ್ಟ್ರಿಕ್‌ನಲ್ಲಿ ಎರಡು ಜಾತಿ. ತಂತಿ ಕಟ್ಟಿಕೊಂಡು ಓಡುವುದು ಬಲು ಅಗ್ಗ. ಆದರೆ ಹಿಮದಲ್ಲಿ ವೈರು ಎಳೆದಾಡಬೇಕು, ಅದರ ಮೇಲೇ ಯಂತ್ರ ಹತ್ತಿಸುವ ಅಪಾಯ ಬೇರೆ. ಕಾರೊಂದು ನಿಲ್ಲುವಷ್ಟು ಜಾಗವಾದರೆ ಸರಿ, ಅದಕ್ಕಿಂತ ಉದ್ದವಾದರೆ ಬೇಡ. ಇನ್ನೊಂದು ಬ್ಯಾಟರಿಯದು. ಒಂದೇ ಅಲಗಿನ ಸಿಂಗಲ್ ಸ್ಟೇಜ್ ಯಂತ್ರವಾದರೆ 30 ಕಿಲೋ ಆಸುಪಾಸು, ಬ್ಯಾಟರಿ ಸೇರಿ ಆರರಿಂದ ಎಂಟು ನೂರು ಡಾಲರ್. ಒಂದು ಗುಂಡಿ ಒತ್ತಿ ಹಿಡಿಕೆ ಅದುಮಿದರೆ ಓಡುತ್ತದೆ. ಪೆಟ್ರೋಲಿನದಕ್ಕೆ ನಮ್ಮ ಕಳೆ ಕೊಚ್ಚುವ ಯಂತ್ರದ ಹಾಗೆ ಹಗ್ಗ ಎಳೆದು ಚಾಲೂ ಮಾಡಬೇಕು. ಗುಂಡಿ ಇರುವ ಮಾದರಿಗಳೂ ಉಂಟು. ಆದರೆ ಎಣ್ಣೆ ಬದಲಿಸುವುದು, ಸ್ಪಾರ್ಕ್ ಪ್ಲಗ್ ಒರೆಸುವುದು ಯಾವುದಕ್ಕೂ ತಪ್ಪದು. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೂತ ಪೆಟ್ರೋಲು ಹಾಕಿದರೆ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ಜೊತೆಗೆ ಕೈಗೆಲ್ಲ ಆ ವಾಸನೆ. ಎಳೆಮಗುವನ್ನು ಎತ್ತಿಕೊಳ್ಳುವ ಕೈಗೆ ಅದು ಬೇಕೇ?

ನಾವು ತಂದದ್ದು ಬ್ಯಾಟರಿಯದು. ಹಾಗೆಂದು ಅದರ ದೋಷಗಳನ್ನು ಮುಚ್ಚಿಡಲಾರೆ. ಒಮ್ಮೆ ಚಾರ್ಜು ಮಾಡಿದರೆ ಅರ್ಧ, ಮುಕ್ಕಾಲು ಗಂಟೆ. ಹಿಮ ತೂಕದ್ದಾದರೆ ಅಷ್ಟೂ ಇಲ್ಲ. ಚಳಿಗೆ ಬ್ಯಾಟರಿಯ ಕಸುವು ಕುಗ್ಗುತ್ತದೆ. ಅದನ್ನು ಗ್ಯಾರೇಜಿನಲ್ಲಿ ಬಿಡಬಾರದು, ಮನೆಯೊಳಗೇ ಇಟ್ಟು ಚಾರ್ಜು ಮಾಡಬೇಕು. ನಮ್ಮ ಬ್ಯಾಟರಿ ಅಡುಗೆಮನೆಯ ಮೂಲೆಯಲ್ಲಿ, ದೋಸೆಹಿಟ್ಟಿನ ಪಾತ್ರೆಯ ಪಕ್ಕದಲ್ಲೇ ಬೆಚ್ಚಗೆ ಕೂತಿರುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ತೊಡಕು ಬಾಗಿಲ ಹಿಮದ್ದಲ್ಲ, ರಸ್ತೆಯಂಚಿನದು. ಊರಿನ ದೊಡ್ಡ ನೇಗಿಲು ಲಾರಿ ರಸ್ತೆ ಬಾಚಿಕೊಂಡು ಹೋಗುವಾಗ ಎಲ್ಲರ ಕಾರುದಾರಿಯ ಬಾಯಿಗೂ ಒಂದು ಬದು ಹಾಕಿ ಹೋಗುತ್ತದೆ. ಎರಡು ಗಂಟೆ ಬಿಟ್ಟರೆ ಅದು ಕಲ್ಲು. ಚಿಕ್ಕ ಯಂತ್ರ ಅಲ್ಲಿ ಹಾರಿ ಹಾರಿ ಬೀಳುತ್ತದೆ. ಪಕ್ಕದ ಮನೆಯ ಎಪ್ಪತ್ತು ದಾಟಿದ ಅಜ್ಜಿ ತೋರಿಸಿಕೊಟ್ಟ ಉಪಾಯ ಕೇಳಿ: ಲಾರಿ ಹೋದೊಡನೆ ಹೊರಗೆ ಬರಬೇಕು, ಪೂರ್ತಿ ಅಗಲಕ್ಕೆ ನುಗ್ಗದೆ ಅರ್ಧರ್ಧ ಅಗಲ ಕಚ್ಚುತ್ತ ಹೋಗಬೇಕು. ಇಡೀ ಹಿಮ ಬಿದ್ದು ಮುಗಿಯಲಿ ಎಂದು ಕಾಯದೆ, ನಾಲ್ಕಿಂಚಿಗೊಮ್ಮೆ ತೆಗೆದುಬಿಡಬೇಕು. ಆ ಅಜ್ಜಿಯದೂ ಬ್ಯಾಟರಿ ಯಂತ್ರವೇ.

ಈಗ ತೆಂಕಣದ ಕಥೆ. 2024ರ ಜನವರಿ ಮಧ್ಯದಲ್ಲಿ ಆರ್ಚರ್ಡ್ ಪಾರ್ಕ್ ಕಡೆ ಎಂಥಾ ಹಿಮ ಬಿತ್ತೆಂದರೆ, ಅಲ್ಲಿನ ಫುಟ್‌ಬಾಲ್ ಪಂದ್ಯವನ್ನೇ ಭಾನುವಾರದಿಂದ ಸೋಮವಾರಕ್ಕೆ ಮುಂದೂಡಿದರು. ಮೈದಾನದ ಹಿಮ ಎತ್ತಲು ಬನ್ನಿ, ಗಂಟೆಗೆ 20 ಡಾಲರ್ ಕೊಡುತ್ತೇವೆ ಎಂದು ಊರಿಗೆಲ್ಲ ಕರೆ ಹೋಯಿತು! ಆ ಬಡಾವಣೆಯ ನಮ್ಮ ಕನ್ನಡದ ಮನೆಯೊಂದಕ್ಕೆ ಆಮೇಲೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಬಾಗಿಲ ಎರಡೂ ಕಡೆ ನನ್ನೆತ್ತರದ ಹಿಮದ ಗೋಡೆ. ಅವರಲ್ಲಿ ಇರುವುದು ಪೆಟ್ರೋಲಿನ ಟೂ ಸ್ಟೇಜ್. “ಆಂಟಿ, ಇಲ್ಲಿ ಬ್ಯಾಟರಿ ಸಾಕಾಗಲ್ಲ. ನಾನೇ ಓಡಿಸ್ತೀನಿ, ಭಾರ ಅಭ್ಯಾಸ ಆಗಿಹೋಗಿದೆ,” ಎಂದಳು ಆ ಮನೆಯ ಹುಡುಗಿ, ನಗುನಗುತ್ತ. ಉದ್ದದ ದಾರಿ, ಜಲ್ಲಿ ಹಾಸಿದ ದಾರಿ, ಇಂಥ ಹಿಮದ ಪಟ್ಟೆ ಇದ್ದವರಿಗೆ ಅದೇ ಸರಿ. ನಾನು ಒಪ್ಪಿಕೊಂಡೇ ಬಂದೆ.

ಹಾದಿಯಲ್ಲಿ ಇನ್ನೊಂದು ಮಾತು. ನಯಾಗರದ ವಿದ್ಯುತ್ತು ತಂತಿಯ ಮೇಲೆ ಬಫೆಲೋಗೆ ಬಂದದ್ದು 1896ರಲ್ಲಿ. ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಆರೇ ವರ್ಷದ ಅಂತರ! ಅಂಥ ಊರಿನಲ್ಲಿ ಕರೆಂಟಿನ ಯಂತ್ರ ಓಡಿಸುವಾಗ ನನಗೇನೋ ಹೆಮ್ಮೆ.

ಹೌದು, ಓಡಿಸಿದವಳು ನಾನೇ. ಸ್ಕೂಟರ್ ಕೂಡ ಮುಟ್ಟದವಳು, ಅಳಿಯಂದಿರ ಜಾಕೆಟ್ ತೊಟ್ಟು, ಸೀರೆಯ ಒಳಗೆ ಎರಡು ಪೈಜಾಮ ಏರಿಸಿ, ಡಿಸೆಂಬರಿನ ಆ ಬೆಳಗ್ಗೆ ಏಳಿಂಚು ಹಿಮವನ್ನು ಇಪ್ಪತ್ತೈದು ನಿಮಿಷದಲ್ಲಿ ತೆಗೆದೆ. ಸಂಜೆ ಮಗಳಿಗೆ ನೋವು ಶುರುವಾದಾಗ ಕಾರು ಒಂದೇ ಸಲಕ್ಕೆ ರಸ್ತೆಗಿಳಿಯಿತು. ಹೆಣ್ಣುಮಗು.

ಯಂತ್ರ ಯಾವುದಾದರೂ ಈ ಎಚ್ಚರ ಮಾತ್ರ ಬಿಡಬೇಡಿ. ಕೊಳವೆಯಲ್ಲಿ ಹಿಮ ಸಿಕ್ಕಿಕೊಂಡರೆ ಕೈ ಹಾಕಲೇಬಾರದು. ಯಂತ್ರ ನಿಲ್ಲಿಸಿದ ಮೇಲೂ ಅಲಗಿನಲ್ಲಿ ಬಿಗಿ ಉಳಿದಿರುತ್ತದೆ, ಹಿಮ ಸಡಿಲವಾದೊಡನೆ ಗರ್ರನೆ ತಿರುಗಿ ಬೆರಳು ಕತ್ತರಿಸುತ್ತದೆ. ಬ್ಯಾಟರಿ ತೆಗೆದು, ಜೊತೆಗೆ ಬಂದ ಕೋಲಿನಿಂದಲೇ ತಳ್ಳಿ. ಪೆಟ್ರೋಲು ಯಂತ್ರವನ್ನು ಗ್ಯಾರೇಜಿನೊಳಗೆ ಚಾಲೂ ಮಾಡಬೇಡಿ, ಬಾಗಿಲು ತೆರೆದಿದ್ದರೂ ಕೂಡ. ಅದರ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನೆ ಬೆಚ್ಚಗಿಡುವ ಒಲೆಯ ಹೊಗೆಕೊಳವೆ ಹೊರಗೋಡೆಯಲ್ಲಿರುತ್ತದೆ. ಯಂತ್ರ ಹಿಮವನ್ನು ಅದರ ಮೇಲೆ ಉಗುಳಿ ಮುಚ್ಚಿಬಿಡದಂತೆ ನೋಡಿಕೊಳ್ಳಿ. ಎದೆನೋವಿನವರು ಮನೆಯಲ್ಲಿದ್ದರೆ, ಯಂತ್ರವಿದ್ದರೂ ಅವರಿಗೆ ಆ ಕೆಲಸ ಬೇಡ. ಡ್ರೈವ್‌ವೇ ಬಾಚಿಕೊಡಲು ಚಳಿಗಾಲಕ್ಕಿಷ್ಟು ಎಂದು ಗುತ್ತಿಗೆ ಹಿಡಿಯುವವರು ಸಿಗುತ್ತಾರೆ. ಒಂಟಿ ಮುದುಕರು ಅವರನ್ನೇ ಗೊತ್ತು ಮಾಡಿಕೊಳ್ಳುತ್ತಾರೆ.

ಅಂದಹಾಗೆ, ಮಾರ್ಚ್ ಬಂತೆಂದು ಯಂತ್ರವನ್ನು ಮೂಲೆಗೆ ತಳ್ಳಬೇಡಿ. ಅಲ್ಲಿ ಏಪ್ರಿಲಿನಲ್ಲೂ ಒಮ್ಮೊಮ್ಮೆ ಹಿಮ ಬೀಳುವುದುಂಟು, ಅದೂ ನೀರು ಕುಡಿದ ತೂಕದ ಹಿಮ. ಯುಗಾದಿಯ ಹೋಳಿಗೆ ಮುಗಿಯಲಿ. ಆಮೇಲೆ ಪೆಟ್ರೋಲಿನದಾದರೆ ಟ್ಯಾಂಕು ಬರಿದು ಮಾಡಿ, ಬ್ಯಾಟರಿಯದಾದರೆ ಬ್ಯಾಟರಿಯನ್ನು ಬಿಚ್ಚಿ ಒಣಗಿದ ಜಾಗದಲ್ಲಿಡಿ.